ಕಡ ಹೋದ ನಾಲ್ಕು ಡ್ರಮ್ ಮಿಡಿ

ಮಿಡಿ ಕೊಯ್ದು ಮರದಿಂದ ಇಳಿದವನು ಮೈಮೇಲಿನ ಚಗಳಿ ಇರುವೆ ಕೊಡವಿಕೊಳ್ಳುತ್ತಿರುವಾಗಲೇ ಅವನ ಕೈಗೆ ದುಡ್ಡು ಇಟ್ಟುಬಿಡುವುದು ಭೂತಪ್ಪನ ಚಾಳಿ. ಊಟ ಮಾಡಿ ತಗೊಳ್ತೀನಿ ಎಂದರೂ ಬಿಡುವವನಲ್ಲ, ಜೇಬಿಗೆ ತುರುಕಿಯೇ ಮುಂದಿನ ಮಾತು. ಹೊಸನಗರ ತಾಲ್ಲೂಕಿನಲ್ಲಿ ಅಪ್ಪೆಮಿಡಿ ಎಂಬ ಎಳೆ ಮಾವಿನಕಾಯಿಯನ್ನು ಉಪ್ಪಿಗೆ ಹಾಕಿ ಉಪ್ಪಿನಕಾಯಿ ಕಂಪನಿಗಳಿಗೆ ಮಾರುವವರು ಹತ್ತಾರು ಜನ. ಅವರಲ್ಲಿ ಕೊಯ್ಲು ಮುಗಿದ ಮೇಲೆ ಕೂಲಿ ಕೊಡುವವರಿದ್ದಾರೆ, ಮಳೆಗಾಲ ಮುಗಿದ ಮೇಲೆ ಕೊಡುವವರಿದ್ದಾರೆ, ನಾಲ್ಕು ಸಲ ನೆನಪು ಮಾಡಿದ ಮೇಲೆ ಮುಖ ಸಿಂಡರಿಸಿಕೊಂಡು ಕೊಡುವವರೂ ಇದ್ದಾರೆ. ಭೂತಪ್ಪನದು ಮಾತ್ರ ಅರ್ಧ ಮರದ ಬುಡದಲ್ಲೇ, ಇನ್ನರ್ಧ ಮೃಗಶಿರ ಮಳೆ ಹಿಡಿಯುವ ಮೊದಲು. ಆ ಇನ್ನರ್ಧವನ್ನು ನೀನೇ ಇಟ್ಟುಕೊಂಡಿರು ಎಂದು ಹೇಳಿದ್ದು ಕೊಯ್ಯುವವರೇ. ಕೈಗೆ ಬಂದದ್ದು ಕೈಯಲ್ಲಿ ನಿಲ್ಲುವುದಿಲ್ಲ, ಮಳೆಗಾಲಕ್ಕೆ ಅಕ್ಕಿ ಬೇಕಲ್ಲ ಎಂದು.

ಈ ಹಟ ಸುಮ್ಮನೆ ಬಂದದ್ದಲ್ಲ. ಭೂತಪ್ಪ ಮೊದಲು ಮರ ಹತ್ತುವವನೇ ಆಗಿದ್ದ. ಹದಿನಾರನೇ ವಯಸ್ಸಿಗೆ ಹಗ್ಗ ಹೆಗಲಿಗೆ ಹಾಕಿಕೊಂಡವನು ಹೊಳೆದಂಡೆಯ ಮರಗಳನ್ನೆಲ್ಲ ನೆಂಟರನ್ನು ಬಲ್ಲ ಹಾಗೆ ಬಲ್ಲ. ಯಾವ ಮರದ ಮಿಡಿಗೆ ಜೀರಿಗೆಯ ವಾಸನೆ, ಯಾವುದಕ್ಕೆ ಕರ್ಪೂರದ್ದು, ಯಾವುದು ಒಂದೇ ವರ್ಷಕ್ಕೆ ಮೆತ್ತಗಾಗುತ್ತದೆ, ಯಾವುದು ಐದು ವರ್ಷ ಕಳೆದರೂ ಹಲ್ಲಿಗೆ ಕಟುಂ ಎನ್ನುತ್ತದೆ, ಎಲ್ಲ ಬಾಯಿಪಾಠ. ಮೂವತ್ತೈದನೇ ವಯಸ್ಸಿನಲ್ಲಿ ಕೊಂಬೆ ಮುರಿದು ಬಿದ್ದ. ಎಡಗಾಲಿನ ಮೂಳೆ ಎರಡು ಕಡೆ ತುಂಡಾಯಿತು. ಆಗಿನ ಸಾವ್ಕಾರರು ಹದಿನೈದು ದಿನದ ಕೂಲಿ ಬಾಕಿ ಇಟ್ಟುಕೊಂಡಿದ್ದರು. ಮಲಗಿದ್ದಲ್ಲಿಂದಲೇ ಭೂತಪ್ಪ ಹೆಂಡತಿ ಮೀನಾಕ್ಷಮ್ಮನನ್ನು ಏಳು ಸಲ ಅವರ ಮನೆಗೆ ಕಳಿಸಿದ. ಏಳು ಸಲವೂ ಅವಳು ಜಗಲಿಯ ಕೆಳಗೆ ನಿಂತು ಬರಿಗೈಯಲ್ಲಿ ವಾಪಸು ಬಂದಳು. ಆ ದುಡ್ಡು ಕೈಗೆ ಬಂದದ್ದು ಹನ್ನೊಂದು ತಿಂಗಳ ಮೇಲೆ, ಅದೂ ಮೂರು ಕಂತಿನಲ್ಲಿ. ಕಾಲಿನ ನೋವು ಅವನಿಗೆ ಮರೆತುಹೋಗಿದೆ. ಹೆಂಡತಿ ವಾಪಸು ಬರುವಾಗಿನ ಮುಖ ಮರೆತಿಲ್ಲ.

ಕುಂಟುವ ಕಾಲಿಗೆ ಮರ ಒಲಿಯಲಿಲ್ಲ. ಹಾಗಾಗಿ ತಾನೇ ಮಿಡಿ ಕೊಂಡು ಉಪ್ಪಿಗೆ ಹಾಕತೊಡಗಿದ. ಹೆಸರು ಭೂತಪ್ಪನದು, ಕೈಗುಣ ಮೀನಾಕ್ಷಮ್ಮನದು. ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು, ಮೇಲೆ ಹಲಗೆ, ಹಲಗೆಯ ಮೇಲೆ ಹೊಳೆಗಲ್ಲು. ಮಿಡಿ ತನ್ನ ನೀರು ತಾನೇ ಬಿಟ್ಟು ಮುದುಡಿಕೊಳ್ಳುತ್ತದೆ. ಕೇಳಿದರೆ ಇಷ್ಟೇನಾ ಎನಿಸುತ್ತದೆ, ಮಾಡಲು ಹೋದವನಿಗೆ ಗೊತ್ತು. ಮಿಡಿ ತೊಟ್ಟಿನ ಸಮೇತ ಇರಬೇಕು, ನೆಲಕ್ಕೆ ಬೀಳಬಾರದು, ಚೀಲದಲ್ಲಿ ಹಗ್ಗ ಕಟ್ಟಿ ಇಳಿಸಬೇಕು. ಪೆಟ್ಟು ತಿಂದ ಹತ್ತು ಮಿಡಿ ಸೇರಿಕೊಂಡರೂ ಇಡೀ ಡ್ರಮ್ಮು ಲೋಳೆ. ಇನ್ನೊಂದು ನೇಮವೂ ಇದೆ. ಒಂದು ಮರದ ಮಿಡಿಯ ಜೊತೆ ಇನ್ನೊಂದು ಮರದ್ದು ಬೆರೆಸುವಂತಿಲ್ಲ. ಅದಕ್ಕೇ ಪ್ರತಿ ಡ್ರಮ್ಮಿಗೂ ಮರದ ಹೆಸರು ಬರೆದ ಚೀಟಿ ಕಟ್ಟುತ್ತಾರೆ. ಮಿಡಿಯನ್ನು ಒಂದು ಡ್ರಮ್ಮಿನಿಂದ ಇನ್ನೊಂದಕ್ಕೆ ಸುರಿದರೆ ಚೀಟಿಯೂ ಬಿಚ್ಚಿಕೊಂಡು ಮಿಡಿಯ ಹಿಂದೆ ಹೋಗುತ್ತದೆ. ಡ್ರಮ್ಮು ಯಾರದ್ದಾದರೇನು, ಚೀಟಿ ಮಿಡಿಯದ್ದು.

ಈ ಕಸುಬಿನ ಕಷ್ಟ ಉಪ್ಪಿನಲ್ಲಿ ಇಲ್ಲ, ಬಂಡವಾಳದಲ್ಲಿದೆ. ಶಿವರಾತ್ರಿಯ ಆಚೀಚೆ ಇಪ್ಪತ್ತೈದು ದಿನ ಮಿಡಿ ಸಿಗುತ್ತದೆ, ಇಪ್ಪತ್ತಾರನೇ ದಿನ ಗೊರಟು ಬಲಿತು ಕೆಲಸಕ್ಕೆ ಬಾರದು. ಆ ಇಪ್ಪತ್ತೈದು ದಿನದಲ್ಲಿ ಮರದ ಗುತ್ತಿಗೆ, ಕೂಲಿ, ಉಪ್ಪು, ಟೆಂಪೊ ಬಾಡಿಗೆ ಎಲ್ಲದಕ್ಕೂ ರೊಕ್ಕ ಸುರಿಯಬೇಕು. ಸಾಗರದ ಉಪ್ಪಿನಕಾಯಿ ಕಂಪನಿಯವರು ಮಾಲು ಎತ್ತುವುದು ಮೇ ಕೊನೆಗೋ ಜುಲೈಗೋ. ಎತ್ತಿದ ಮೇಲೆ ದುಡ್ಡು ಕೊಡಲು ಇನ್ನೂ ಮೂರು ತಿಂಗಳು. ಅವರನ್ನು ಕೇಳಿದರೆ ಬೆಂಗಳೂರಿನ ಅಂಗಡಿಯವರು ನಮಗೆ ಕೊಡಬೇಕಲ್ಲ ಎನ್ನುತ್ತಾರೆ. ಹೀಗೆ ಒಬ್ಬರ ಹಿಂದೆ ಒಬ್ಬರು ಬಾಯಿ ಬಿಟ್ಟುಕೊಂಡು ನಿಂತ ಸಾಲಿನ ಕಟ್ಟಕಡೆಗೆ ಭೂತಪ್ಪ. ಮೀನಾಕ್ಷಮ್ಮನ ಸರ ಪ್ರತಿ ಶಿವರಾತ್ರಿಗೆ ಸೊಸೈಟಿಗೆ ಹೋಗಿ ದೀಪಾವಳಿಗೆ ಮನೆಗೆ ಬರುತ್ತಿತ್ತು. ಊರಿನ ಮದುವೆಗಳೆಲ್ಲ ಆ ನಡುವಿನಲ್ಲೇ ಆಗುವುದರಿಂದ ಅವಳ ಕುತ್ತಿಗೆಯಲ್ಲಿ ಆ ಸರವನ್ನು ನೋಡಿದವರು ಕಡಿಮೆ.

ಆಗ ಬಂದವನು ಪೂರ್ಣೇಶ್. ಮೇಳಿಗೆಯ ಕಡೆಯವನು, ಇಪ್ಪತ್ತೆಂಟರ ಪ್ರಾಯ, ಬೆಂಗಳೂರಿನ ಒಂದು ಸಾಲದ ಕಂಪನಿಗೆ ಈ ಮೂರು ತಾಲ್ಲೂಕು ಸುತ್ತುವ ಕೆಲಸ. ಬೈಕಿನಿಂದ ಇಳಿದವನೇ ಡ್ರಮ್ಮುಗಳ ಮಧ್ಯೆ ಕೂತು ಬ್ಲಾಕ್‌ಚೈನ್ ಎಂದು ಶುರು ಮಾಡಿದ. ಭೂತಪ್ಪನಿಗೆ ಮೊದಲ ಅರ್ಧ ಗಂಟೆ ಏನೂ ತಲೆಗೆ ಹತ್ತಲಿಲ್ಲ. ಪಾಪ, ಪೂರ್ಣೇಶ್ ಬಿಡಲಿಲ್ಲ. ಮಿಡಿ ತುಂಬಿದ ಡ್ರಮ್ಮಿಗೆ ಒಂದು ಚೌಕದ ಸ್ಟಿಕ್ಕರ್ ಅಂಟಿಸುವುದು, ಫೋನಿನಲ್ಲಿ ಅದರ ಫೋಟೊ, ತೂಕ, ಜಾಗ ಹಾಕುವುದು. ಆ ವಿವರ ಒಂದೇ ಕಡೆ ಕೂರುವುದಿಲ್ಲ. ಉಪ್ಪಿನಕಾಯಿ ಕಂಪನಿ, ದುಡ್ಡು ಹಾಕುವವರು, ಬ್ಯಾಂಕು, ಭೂತಪ್ಪನ ಫೋನು, ಎಲ್ಲ ಕಡೆ ಏಕಕಾಲಕ್ಕೆ ಬರೆದುಕೊಳ್ಳುತ್ತದೆ. ಒಬ್ಬ ಕದ್ದು ತಿದ್ದಿದರೆ ಉಳಿದವು ಒಪ್ಪುವುದಿಲ್ಲ. ಹಾಗಾಗಿ ನಿಮ್ಮ ಮುಖ ನೋಡದವನೂ ನಿಮ್ಮ ಡ್ರಮ್ಮನ್ನು ನಂಬಿ ಮುಂಗಡ ಕೊಡುತ್ತಾನೆ, ನೂರಕ್ಕೆ ಎಪ್ಪತ್ತು ಎರಡೇ ದಿನದಲ್ಲಿ, ಉಳಿದದ್ದು ಸಾಗರದವರು ಆ ಲಾಟನ್ನು ಮೇ ತಿಂಗಳಲ್ಲಿ ಒಪ್ಪಿಕೊಂಡ ಕೂಡಲೇ ಎಂದ.

"ಬರ್ದದ್ದು ಅಳ್ಸೋಕೆ ಬರಲ್ವಾ?" ಎಂದು ಭೂತಪ್ಪ ಕೇಳಿದ.

"ಯಾರಿಂದ್ಲೂ ಆಗಲ್ಲ ಭೂತಪ್ಪಣ್ಣ. ಬೇಕಾದ್ರೆ ಕೆಳಗಡೆ ಇನ್ನೊಂದು ಸಾಲು ಬರೀಬಹುದು ಅಷ್ಟೆ."

ಇದು ಭೂತಪ್ಪನಿಗೆ ಹಿಡಿಸಿತು. ಊರೊಟ್ಟಿನ ಸಭೆಯ ಎದುರು ಆಡಿದ ಮಾತಿನ ಹಾಗೆ ಅನ್ನು ಎಂದು ತಾನೇ ಅರ್ಥ ಹೇಳಿಕೊಂಡ. ಮೊದಲ ವರ್ಷ ಐವತ್ತು ಡ್ರಮ್ಮಿಗೂ ಸ್ಟಿಕ್ಕರ್ ಬಿತ್ತು. ಹೇಳಿದ ಹಾಗೆ ದುಡ್ಡೂ ಬಂತು. ಆ ವರ್ಷ ಮೀನಾಕ್ಷಮ್ಮ ಮೂರು ಮದುವೆಗೆ ಸರ ಹಾಕಿಕೊಂಡು ಹೋದಳು. ಭೂತಪ್ಪನಿಗೆ ಖುಷಿ ತಡೆಯಲಾಗಲಿಲ್ಲ. ಕಸುಬಿನವರು ಸಿಕ್ಕಿದಲ್ಲೆಲ್ಲ ಪೂರ್ಣೇಶನ ನಂಬರು ಹಂಚಿದ. ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿಯ ಮೂಕಾಂಬಿಕಮ್ಮನಿಗಂತೂ ಪೂರ್ಣೇಶನನ್ನು ಕರೆದುಕೊಂಡು ಹೋಗಿ ತಾನೇ ಎದುರು ಕೂತು ಎಲ್ಲ ಬಿಡಿಸಿ ಹೇಳಿದ. ಹಾಗೆ ಅವರೂ ಸೇರಿದರು.

ಮೂಕಾಂಬಿಕಮ್ಮ ಗದ್ದೆ ತೋಟ ಇರುವ ಮನೆಯವರು, ಆದರೆ ಮಿಡಿಯ ವ್ಯವಹಾರ ಪೂರ್ತಿ ಅವರ ಸ್ವಂತದ್ದು. ಗಂಡಸರ ಹತ್ತಿರ ಒಂದು ಪೈಸೆ ಕೇಳದೆ ಬೆಳೆಸಿದ್ದು. ಮಾತು ಕಡಿಮೆ, ಆಡಿದರೆ ಆಡಿದ್ದೇ. ಭೂತಪ್ಪನಿಗೂ ಅವರಿಗೂ ಇಪ್ಪತ್ತು ವರ್ಷದಿಂದ ಕಡದ ಸಂಬಂಧ. ಒಬ್ಬರ ಮಾಲು ಕೆಟ್ಟು ಕಂಪನಿಗೆ ಕೊಡಲು ಕಡಿಮೆ ಬಿದ್ದರೆ ಇನ್ನೊಬ್ಬರು ಡ್ರಮ್ಮುಗಟ್ಟಲೆ ಮಿಡಿ ಕಡ ಕೊಡುವುದು, ಮುಂದಿನ ಕೊಯ್ಲಿಗೆ ಅಷ್ಟೇ ಮಿಡಿ, ಅಂಥದ್ದೇ ಮಿಡಿ ವಾಪಸು. ಅದಕ್ಕೆ ಬಡ್ಡಿಯೂ ಇಲ್ಲ, ಕಾಗದವೂ ಇಲ್ಲ. ಮೊದಲು ಕಡ ತಂದವನು ಭೂತಪ್ಪನೇ. ಕಸುಬು ಹಿಡಿದ ಮೂರನೇ ವರ್ಷ ಉಪ್ಪು ಕೈಕೊಟ್ಟು ಅರ್ಧಕ್ಕರ್ಧ ಮಾಲು ಹಳ್ಳಕ್ಕೆ ಚೆಲ್ಲಬೇಕಾಗಿ ಬಂದಾಗ ಆ ಹೆಂಗಸು ಮುಖಪರಿಚಯ ಬಿಟ್ಟರೆ ಬೇರೇನೂ ಇಲ್ಲದವನಿಗೆ ಆರು ಡ್ರಮ್ಮು ಕಳಿಸಿದ್ದರು. ಆವತ್ತು ಅವರು ಇಲ್ಲ ಅಂದಿದ್ದರೆ ಭೂತಪ್ಪ ಇವತ್ತು ಯಾರದ್ದೋ ತೋಟದಲ್ಲಿ ಕೂಲಿಗೆ ಇರುತ್ತಿದ್ದ.

ಎರಡನೇ ವರ್ಷದ ಮೇ ತಿಂಗಳಿನಲ್ಲಿ ಮೂಕಾಂಬಿಕಮ್ಮನ ಫೋನು ಬಂತು. ಅವರ ನಾಲ್ಕು ಡ್ರಮ್ಮು ಲೋಳೆಯಾಗಿದ್ದವು, ಶುಕ್ರವಾರ ಸಾಗರಕ್ಕೆ ಮೂವತ್ತಾರು ತುಂಬಿ ಕೊಡಬೇಕಿತ್ತು. ಭೂತಪ್ಪನ ಲಾಟನ್ನು ಸಾಗರದವರು ಆಗಷ್ಟೇ ಬಂದು ನೋಡಿ ಒಪ್ಪಿದ್ದರು, ಉಳಿಕೆ ದುಡ್ಡು ಇನ್ನೇನು ಬರುವುದರಲ್ಲಿತ್ತು, ಎತ್ತುವುದು ಜುಲೈಗೆ. ಅಷ್ಟರಲ್ಲಿ ಎಲ್ಲಿಂದಾದರೂ ನಾಲ್ಕು ಹೊಂದಿಸಬಹುದು. ಅವನು ಯೋಚಿಸಲೇ ಇಲ್ಲ. ಟೆಂಪೊದ ಮುಕುಂದಯ್ಯನನ್ನು ಕರೆಸಿ, ಒಳ್ಳೆಯ ಜೀರಿಗೆ ಮಿಡಿ ನೋಡಿ ನಾಲ್ಕು ಡ್ರಮ್ಮು ಹೇರಿಸಿದ. ಅಲ್ಲಿ ಅವರ ಡ್ರಮ್ಮಿಗೆ ಸುರಿದುಕೊಂಡು ಖಾಲಿಯದನ್ನು ವಾಪಸು ಕಳಿಸುವುದು ಪದ್ಧತಿ. ಹೊರಡುವಾಗ ಭೂತಪ್ಪನಿಗೆ ಸ್ಟಿಕ್ಕರಿನ ನೆನಪಾಯಿತು. ಬಿಸಿನೀರಿನ ಬಟ್ಟೆ ಒತ್ತಿ ನಾಲ್ಕನ್ನೂ ಹರಿಯದ ಹಾಗೆ ಬಿಡಿಸಿ, ಮರದ ಚೀಟಿಯ ಜೊತೆ ಒಂದು ಕವರಿನಲ್ಲಿ ಹಾಕಿ ಕೊಟ್ಟ. ಮಿಡಿ ಹೋದ ಮೇಲೆ ಅದರ ಗುರುತು ತನ್ನ ಹತ್ತಿರ ಇರುವುದು ಸರಿಯಲ್ಲ ಎಂದು ಅವನ ಲೆಕ್ಕ. ಅತ್ತ ಮೂಕಾಂಬಿಕಮ್ಮನೂ ಅದೇ ಕಸುಬಿನವರಲ್ಲವೇ, ತಮ್ಮ ಡ್ರಮ್ಮಿನ ಮೇಲಿದ್ದ ತಮ್ಮ ಸ್ಟಿಕ್ಕರಿನ ಕೆಳಗೆ ಭೂತಪ್ಪನದನ್ನೂ ನೀಟಾಗಿ ಅಂಟಿಸಿದರು.

ಯಾರಾದರೂ ಕಳ್ಳನಾಗಿದ್ದರೆ ಆ ನಾಲ್ಕು ಸ್ಟಿಕ್ಕರನ್ನು ಒಲೆಗೆ ಹಾಕುತ್ತಿದ್ದ, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಇವರಿಬ್ಬರೂ ಕಳ್ಳರಲ್ಲದ್ದರಿಂದ ಸಿಕ್ಕಿಬಿದ್ದರು. ಶುಕ್ರವಾರ ಸಾಗರದಲ್ಲಿ ಡ್ರಮ್ಮು ಇಳಿಸಿಕೊಳ್ಳುತ್ತಿದ್ದವನು ಫೋನು ಹಿಡಿದರೆ ಒಂದೇ ಡ್ರಮ್ಮು ಇಬ್ಬರ ಹೆಸರು ಹೇಳಿತು. ಒಂದೇ ಮಾಲಿನ ಮೇಲೆ ಎರಡು ಕಡೆ ಮುಂಗಡ ತೆಗೆಯುವವರನ್ನು ಹಿಡಿಯುವುದಕ್ಕೆಂದೇ ಕಟ್ಟಿದ ವ್ಯವಸ್ಥೆ ಅದು. ತನ್ನ ಕೆಲಸ ತಾನು ಮಾಡಿತು. ಹತ್ತು ನಿಮಿಷದಲ್ಲಿ ಇಬ್ಬರ ಖಾತೆಗೂ ಬೀಗ ಬಿತ್ತು. ಭೂತಪ್ಪನಿಗೆ ಬರಬೇಕಿದ್ದ ಉಳಿಕೆ ದುಡ್ಡು ಅಲ್ಲೇ ನಿಂತಿತು. ಮೃಗಶಿರಕ್ಕೆ ಹನ್ನೆರಡು ದಿನ ಉಳಿದಿತ್ತು, ಆರು ಜನ ಕೊಯ್ಯುವವರ ಅರ್ಧ ಕೂಲಿ ಆ ಉಳಿಕೆಯಲ್ಲೇ ಇತ್ತು.

ಮೊದಲ ಎಂಟು ದಿನ ಭೂತಪ್ಪ ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗಿದ. ಸೊಸೈಟಿಯಲ್ಲಿ ಸಾಲದ ಅರ್ಜಿಗೆ ತಿಂಗಳು ಹಿಡಿಯುತ್ತದೆ ಎಂದರು. ಮೀನಾಕ್ಷಮ್ಮ ಸರ ಬಿಚ್ಚಿಕೊಟ್ಟಳು, ಅದನ್ನಿಟ್ಟು ಬಂದದ್ದು ಡ್ರಮ್ಮಿನ ಬಾಡಿಗೆಗೂ ಉಪ್ಪಿನ ಅಂಗಡಿಗೂ ಹರಿದುಹೋಯಿತು. ಕೊಯ್ಯುವವರಲ್ಲಿ ಹಿರಿಯ ಶಿವಮೂರ್ತಿ ಒಂದು ದಿನ ದಾರಿಯಲ್ಲಿ ಸಿಕ್ಕಿ ಹೆಂಗಿದೀಯ ಅಣ್ಣ ಎಂದ, ಅಷ್ಟೇ. ಅಷ್ಟಕ್ಕೇ ಭೂತಪ್ಪನಿಗೆ, ಶಿವಮೂರ್ತಿಯ ಹೆಂಡತಿಯೂ ಬಂದು ಅಂಗಳದಲ್ಲಿ ನಿಂತ ಹಾಗೆ, ತಾನು ನಾಳೆ ಬಾ ಎಂದ ಹಾಗೆ ಕಣ್ಣಿಗೆ ಕಟ್ಟಿತು.

ಒಂಬತ್ತನೇ ದಿನ ಪೂರ್ಣೇಶ್ ಬಂದ. ಅವನ ಮುಖವೂ ಇಳಿದಿತ್ತು. ಇಬ್ಬರನ್ನೂ ಸೇರಿಸಿದವನು ಅವನು, ಮೇಲಿನವರು ಅವನನ್ನೂ ಬಿಟ್ಟಿರಲಿಲ್ಲ. ಫೋನಿನಲ್ಲಿ ಒಂದು ಪುಟ ತೆರೆದು ತೋರಿಸಿದ. ನಿಮ್ಮ ಮಾಲು ಬೇರೆಯವರ ಹತ್ತಿರ ಹೇಗೆ ಹೋಯಿತು ಎಂದು ಅದು ಕೇಳುತ್ತಿತ್ತು. ಕೆಳಗೆ ಎರಡೇ ಉತ್ತರ. ನನ್ನ ಒಪ್ಪಿಗೆಯಿಂದ ಹೋಯಿತು. ನನ್ನ ಒಪ್ಪಿಗೆಯಿಲ್ಲದೆ ಕಳುವಾಯಿತು. ಕಡ ಎಂಬುದು ಅಲ್ಲಿ ಇರಲಿಲ್ಲ. ಮೊದಲನೆಯದನ್ನು ಒತ್ತಿದರೆ ಇಬ್ಬರೂ ಸೇರಿ ಮೋಸ ಮಾಡಿದ ಹಾಗಾಗುತ್ತದೆ, ವಿಚಾರಣೆ ಮುಗಿಯಲು ಆರು ತಿಂಗಳು. ಎರಡನೆಯದನ್ನು ಒತ್ತಿದರೆ ನಿಮ್ಮ ಖಾತೆ ಇವತ್ತೇ ಬಿಡುಗಡೆ ಎಂದ.

"ಮೂಕಾಂಬಿಕಮ್ಮಂಗೆ ಎಂತ ಆಗ್ತದೆ?" ಎಂದ ಭೂತಪ್ಪ.

ಪೂರ್ಣೇಶ್ ಚಪ್ಪಲಿಯ ತುದಿ ನೋಡಿಕೊಂಡ. ಪೊಲೀಸು ಗಿಲೀಸು ಇಲ್ಲ, ಅವರನ್ನು ಕರೆದು ಕೇಳುತ್ತಾರೆ, ಅವರು ವಿವರ ಕೊಟ್ಟರೆ ಅಲ್ಲಿಗೆ ಮುಗಿಯಿತು, ಅದು ಕಂಪ್ಯೂಟರಿನ ಒಂದು ಶಬ್ದ ಅಷ್ಟೆ, ಯಾರೂ ಅದನ್ನು ಹಾಗೆ ತಿಳಿಯುವುದಿಲ್ಲ ಎಂದೆಲ್ಲ ಹೇಳಿದ. ಅವನು ಅದನ್ನು ಅರ್ಧ ನಂಬಿದ್ದ. ಭೂತಪ್ಪ ಪೂರ್ತಿ ನಂಬಿದ, ನಂಬುವುದು ಅವನಿಗೆ ಬೇಕಾಗಿತ್ತು. ಒಳಗಿನಿಂದ ಮೀನಾಕ್ಷಮ್ಮ ಬಂದು, ಆ ಹೆಂಗಸಿಗೆ ಒಂದು ಫೋನ್ ಮಾಡಿ ಹೇಳಿ, ಆಮೇಲೆ ಬೇಕಾದ್ದು ಒತ್ತಿ ಎಂದಳು. ಮಾಡ್ತೀನಿ ಎಂದು ಭೂತಪ್ಪ ಫೋನು ತೆಗೆದ. ಹೆಸರು ಹುಡುಕಿದ. ಹಾಗೇ ಜೇಬಿಗೆ ಹಾಕಿದ. ಪೂರ್ಣೇಶನ ಫೋನಿನ ಮೇಲೆ ಎರಡನೇ ಉತ್ತರಕ್ಕೆ ಹೆಬ್ಬೆರಳು ಇಟ್ಟ. ಮೀನಾಕ್ಷಮ್ಮ ಒಳಗೆ ಹೋದಳು, ಎರಡು ದಿನ ಅವನ ಜೊತೆ ಮಾತಾಡಲಿಲ್ಲ.

ಸಂಜೆಯೊಳಗೆ ದುಡ್ಡು ಬಂತು. ಮಾರನೇ ದಿನ ಆರು ಜನರಿಗೂ ಅರ್ಧ ಕೂಲಿ ಸಂದಿತು. ಶಿವಮೂರ್ತಿ ಎಣಿಸದೇ ಜೇಬಿಗೆ ಹಾಕಿಕೊಂಡು, ನಿನ್ನ ಹಂಗೆ ಮಾತು ನಡ್ಸೋರು ಈ ತಾಲ್ಲೂಕಲ್ಲಿ ಇಲ್ಲ ಅಣ್ಣ ಎಂದ. ಬೇರೆ ವರ್ಷವಾಗಿದ್ದರೆ ಈ ಮಾತಿಗೆ ಭೂತಪ್ಪ ಒಂದು ವಾರ ಉಬ್ಬಿರುತ್ತಿದ್ದ. ಈ ಸಲ ಮಳೆ ಬರೋ ಹಂಗಿದೆ ಹೊರಡಿ ಎಂದು ಅವರನ್ನು ಬೇಗ ಬೇಗ ಅಟ್ಟಿದ.

ಸುದ್ದಿ ತಂದವನು ಟೆಂಪೊದ ಮುಕುಂದಯ್ಯ. ಹೊಸನಗರ, ತೀರ್ಥಹಳ್ಳಿ, ಸಾಗರ, ತಾಳಗುಪ್ಪ ಎಂದು ದಿನಾ ಅಲೆಯುವವನಿಗೆ ಮಾಲಿನ ಜೊತೆ ಮಾತನ್ನೂ ಹೊರುವುದು ಅಭ್ಯಾಸ. ಮೂಕಾಂಬಿಕಮ್ಮನ ಮೂವತ್ತಾರು ಡ್ರಮ್ಮು ಸಾಗರದಲ್ಲಿ ಇಳಿಯದೆ, ಗೋಡೌನಿನ ಹೊರಗೆ ಟಾರ್ಪಾಲಿನ ಕೆಳಗೆ ಹನ್ನೊಂದು ದಿನ ಮಳೆಯಲ್ಲಿ ಕೂತವಂತೆ. ಸಾಲದ ಕಂಪನಿಯ ಇಬ್ಬರು ಅರಳಸುರಳಿಗೆ ಕಾರಿನಲ್ಲಿ ಹೋಗಿ ಅವರ ಶೆಡ್ಡಿನ ಫೋಟೊ ತೆಗೆದರಂತೆ. ಅಕ್ಕಪಕ್ಕದವರೆಲ್ಲ ಬೇಲಿಯ ಹತ್ತಿರ ನಿಂತು ನೋಡಿದರಂತೆ. ನಾಲ್ಕು ಡ್ರಮ್ಮು ಹೇಗೆ ಬಂತು ಎಂದು ಕೇಳಿದ್ದಕ್ಕೆ ಆ ಹೆಂಗಸು, ಭೂತಪ್ಪಣ್ಣ ಏನು ಬರೆಸಿದ್ದಾರೆ ಎಂದು ವಾಪಸು ಕೇಳಿದರಂತೆ. ತೋರಿಸಿದ ಮೇಲೆ ಮತ್ತೆ ಒಂದೂ ಮಾತಾಡಲಿಲ್ಲವಂತೆ. ವಿವರ ಕೊಡದ ಮೇಲೆ ಮುಗಿಯುವುದು ಎಲ್ಲಿಂದ? ಕೊಟ್ಟ ಮುಂಗಡ ವಾಪಸು ಕೇಳಿದರು. ಕೊನೆಗೆ ಘಟ್ಟದ ಕೆಳಗಿನ ಒಬ್ಬ ವ್ಯಾಪಾರಿಗೆ ಅರ್ಧ ಬೆಲೆಗೆ ಎಲ್ಲ ಕೊಟ್ಟು ಕೈ ತೊಳೆದುಕೊಂಡರು. ಈಗ ಯಾವ ಉಪ್ಪಿನಕಾಯಿ ಕಂಪನಿಯವರು ಅವರ ನಂಬರು ಹಾಕಿ ನೋಡಿದರೂ ಕೆಂಪಕ್ಷರದಲ್ಲಿ ಅದೇ ಶಬ್ದ ಬರುತ್ತದೆ ಎಂದ ಮುಕುಂದಯ್ಯ. ಅವನಿಗೆ ಎಲ್ಲ ಗೊತ್ತಿತ್ತು, ಆ ನಾಲ್ಕು ಡ್ರಮ್ಮು ಹೊತ್ತವನೇ ಅವನು. ಬಾಡಿಗೆ ಇಸಿದುಕೊಂಡು ಹೋದ.

ಭೂತಪ್ಪನಿಗೆ ಅನ್ನ ಸೇರದಾಯಿತು. ಇದನ್ನು ಸುತ್ತಿ ಬಳಸಿ ಹೇಳುವುದು ಬೇಡ, ಅವನಿಗೆ ನಾಚಿಕೆಯಾಗಿತ್ತು. ಫೋನು ಮಾಡಬೇಕೆಂದು ಎಷ್ಟೋ ಸಲ ಹೆಸರಿನ ಮೇಲೆ ಬೆರಳಿಟ್ಟ, ಅತ್ತ ರಿಂಗಾಗುವ ಮೊದಲೇ ಕತ್ತರಿಸಿದ. ಆಷಾಢ ಹೋಯಿತು, ಗಣಪತಿ ಹಬ್ಬ ಹೋಯಿತು. ದೀಪಾವಳಿ ಕಳೆದ ಮೇಲೆ, ಇಷ್ಟು ದಿನ ಮಾಡದವನು ಈಗ ಯಾವ ಮುಖ ಇಟ್ಟುಕೊಂಡು ಮಾಡಲಿ ಎಂಬ ಒಂದು ನೆಪ ಸಿಕ್ಕಿತು. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡ.

ಮರುವರ್ಷ ಕೊಯ್ಲು ಶುರುವಾಗುವುದಕ್ಕೆ ಇನ್ನೂ ನಾಲ್ಕು ದಿನ ಇರುವಾಗ ಮುಕುಂದಯ್ಯನ ಟೆಂಪೊ ಅಂಗಳಕ್ಕೆ ಬಂದು ನಿಂತಿತು. ಮುಂದಿನ ಸೀಟಿನಿಂದ ಮೂಕಾಂಬಿಕಮ್ಮ ಇಳಿದರು. ಹಿಂದೆ ನಾಲ್ಕು ಡ್ರಮ್ಮು. ಅವರ ಕಡೆ ಬೇಗ ಬಿಡುವ ಜೀರಿಗೆ ಮರವೊಂದಿದೆ, ಅದರ ಮಿಡಿ. ಭೂತಪ್ಪ ಎದ್ದು ನಿಂತ. ಮೀನಾಕ್ಷಮ್ಮ ನೀರು ಬೆಲ್ಲ ತಂದು ಕೊಟ್ಟಳು. ಮೂಕಾಂಬಿಕಮ್ಮ ನಿಂತುಕೊಂಡೇ ನೀರು ಕುಡಿದು ಚೊಂಬು ವಾಪಸು ಕೊಟ್ಟರು. ಇದು ಬೇಡ, ನನ್ನಿಂದ ನಿಮಗೆ ಆದದ್ದು ಸಾಕು, ವಾಪಸು ತಗೊಂಡು ಹೋಗಿ ಎಂದು ಭೂತಪ್ಪ ತಡವರಿಸಿದ. ಅವರು ಅವನ ಮಾತು ಮುಗಿಯುವವರೆಗೆ ಕಾದರು.

"ಕಡ ತಗಂಡಿದ್ದು ನಾನು, ಅದಕ್ಕೆ ತಂದೀನಿ. ಕಳ್ಳಿ ಅಂತ ಬರ್ಸಿದ್ದು ನೀವು, ಅದು ನಿಮ್ಮದು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಭೂತಪ್ಪಣ್ಣ. ಇಳಿಸ್ಕಳಿ."

ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ. ಬೈದಿದ್ದರೆ ಕಾಲು ಹಿಡಿಯಬಹುದಿತ್ತು. ಡ್ರಮ್ಮು ಇಳಿಯಿತು. ಮೀನಾಕ್ಷಮ್ಮನಿಗೆ ಬರ್ತೀನಿ ಎಂದು ಹೇಳಿ ಅವರು ಟೆಂಪೊ ಹತ್ತಿದರು.

ಭೂತಪ್ಪ ಆವತ್ತೇ ಪೂರ್ಣೇಶನನ್ನು ಕರೆಸಿದ. ಅಳಿಸುವುದಕ್ಕೆ ಬಾರದಿದ್ದರೆ ಬೇಡ, ಕೆಳಗೆ ಇನ್ನೊಂದು ಸಾಲು ಬರಿ ಎಂದ. ಕದ್ದದ್ದಲ್ಲ, ನಾನೇ ಕೊಟ್ಟದ್ದು. ಪೂರ್ಣೇಶ್ ತಲೆ ಕೆರೆದುಕೊಂಡ. ಮುಂಗಡವನ್ನು ಅವರು ಆಗಲೇ ತೀರಿಸಿದ್ದಾರೆ, ಕಳವಿನ ಮಾತೊಂದೇ ಉಳಿದದ್ದು, ಬರೆದರೆ ಮೂಕಾಂಬಿಕಮ್ಮ ಪಾರಾಗುತ್ತಾರೆ, ಖಂಡಿತ, ವಾರದೊಳಗೆ ಅವರ ಖಾತೆ ತೆರೆಯುತ್ತದೆ. ಆದರೆ ಸುಳ್ಳು ಹೇಳಿಕೆ ಕೊಟ್ಟವನೆಂದು ಕೆಂಪಕ್ಷರ ನಿಮ್ಮ ಹೆಸರಿಗೆ ಬರುತ್ತದೆ. ಡ್ರಮ್ಮು ತುಂಬಿದ ಕೂಡಲೇ ಸಿಗುವ ಹಾಗೆ ಈ ವರ್ಷದ ಮುಂಗಡ ಮಂಜೂರಾಗಿ ಕೂತಿದೆ, ಅದೂ ಹೋಗುತ್ತದೆ, ಮುಂದೆಯೂ ಯಾರೂ ಕೊಡುವುದಿಲ್ಲ. ಒಂದು ದಾರಿ ಇದೆ, ತಪ್ಪು ತಿಳುವಳಿಕೆಯಿಂದ ಹಾಗೆ ಒತ್ತಿದೆ ಎಂದು ಕಾರಣ ಬರೆಯೋಣ, ಮೇಲಿನವರ ಹತ್ತಿರ ಏನಾದರೂ ಮಾತಾಡಿ ಸರಿಮಾಡಬಹುದು ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

"ತಪ್ಪು ತಿಳುವಳಿಕೆ ಎಂತದೂ ಇರ್ಲಿಲ್ಲ ಮಾರಾಯ. ಗೊತ್ತಿದ್ದೇ ಒತ್ತಿದ್ದು. ಹಂಗೇ ಬರಿ."

ಪೂರ್ಣೇಶ್ ಬರೆದ. ಭೂತಪ್ಪ ಹೆಬ್ಬೆರಳಿಟ್ಟ. ಬಾಗಿಲಲ್ಲಿ ನಿಂತಿದ್ದ ಮೀನಾಕ್ಷಮ್ಮ, ದೀಪಾವಳಿಗೆ ಬಿಡಿಸಿ ತಂದಿದ್ದ ಕುತ್ತಿಗೆಯ ಸರ ಬಿಚ್ಚಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಅದರಿಂದ ಬರುವುದು ಮರದ ಗುತ್ತಿಗೆಗೆ ಸರಿಹೋಗುತ್ತಿತ್ತು. ಮಂಜೂರಾದ ಮುಂಗಡ ರದ್ದಾಗಿದೆ ಎಂಬ ಸಂದೇಶ ಮಧ್ಯಾಹ್ನದ ಊಟದ ಹೊತ್ತಿಗೆ ಬಂತು.

ಕೊಯ್ಲಿನ ದಿನ ಬೆಳಿಗ್ಗೆ ಆರು ಜನರೂ ಹಗ್ಗ, ಕೊಕ್ಕೆ, ಚೀಲ ಹಿಡಿದು ಅಂಗಳಕ್ಕೆ ಬಂದರು. ಭೂತಪ್ಪ ಅವರನ್ನು ಕೂರಿಸಿ ಚಾ ಕೊಟ್ಟ. ಆಮೇಲೆ ಹೇಳಿದ. ಈ ವರ್ಷ ಮರದ ಬುಡದಲ್ಲಿ ಕೊಡಲು ದುಡ್ಡಿಲ್ಲ, ಮೃಗಶಿರಕ್ಕೂ ಇರುವುದಿಲ್ಲ, ಮಾಲು ಹೋಗಿ ಸಾಗರದವರು ಕೊಟ್ಟ ಮೇಲೆಯೇ, ದಸರಾನೋ ದೀಪಾವಳಿಯೋ ಗೊತ್ತಿಲ್ಲ. ಬೇರೆ ಕಡೆ ಹೋಗುವವರು ಹೋಗಬಹುದು, ಬೇಜಾರಿಲ್ಲ. ಯಾಕೆ ಎಂದು ಯಾರೂ ಕೇಳಲಿಲ್ಲ, ಆದರೂ ಯಾಕೆ ಎನ್ನುವುದನ್ನೂ ಹೇಳಿದ. ನಾಲ್ಕು ಡ್ರಮ್ಮು ಕಡ ಕೊಟ್ಟದ್ದು, ಸ್ಟಿಕ್ಕರಿನ ಸಮೇತ ಕೊಟ್ಟದ್ದು, ಖಾತೆಗೆ ಬೀಗ ಬಿದ್ದದ್ದು, ಮೃಗಶಿರ ಹತ್ತಿರ ಬಂದದ್ದು, ಮೂಕಾಂಬಿಕಮ್ಮನ ಮೇಲೆ ಕಳವು ಹೊರಿಸಿದ್ದು, ಒಂದನ್ನೂ ಬಿಡಲಿಲ್ಲ. ಇಬ್ಬರು ಎದ್ದು, ನಮ್ಗೆ ದಿನಾ ದುಡ್ಡು ಬೇಕಣ್ಣ ಎಂದು ಮೆಲ್ಲಗೆ ಹೇಳಿ ಹೊರಟರು. ಮೂವರು ಶಿವಮೂರ್ತಿಯ ಮುಖ ನೋಡುತ್ತ ಕೂತರು. ಶಿವಮೂರ್ತಿ ಚಾದ ಲೋಟ ಕೆಳಗಿಟ್ಟ.

"ಹೋದ್ ವರ್ಷ ನಮ್ ಕೈಗೆ ಇಟ್ಟಿದ್ದು ಆ ದುಡ್ಡಾ ಅಣ್ಣ?"

ಭೂತಪ್ಪ ಹೌದು ಎಂದ.

ಶಿವಮೂರ್ತಿ ಎದ್ದು ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡ. ಉಳಿದ ಮೂವರೂ ಎದ್ದರು. ಹೊಳೆಯ ದಾರಿಗೆ ನಾಲ್ಕು ಹೆಜ್ಜೆ ಇಟ್ಟವನು ನಿಂತು ತಿರುಗಿದ.

"ಒಂದ್ ಮಾತು ಹೇಳಿದ್ರೆ ಕಾಯ್ತಿದ್ವಲ್ಲ ಅಣ್ಣ. ನಮ್ಮನ್ನ ಕೇಳ್ಲೇ ಇಲ್ಲ ನೀನು."

ಇಪ್ಪತ್ಮೂರು ವರ್ಷದಿಂದ ಯಾರನ್ನೂ ಒಂದು ದಿನ ಕಾಯಿಸದವನಿಗೆ, ಕಾಯ್ತೀರಾ ಎಂದು ಕೇಳಬಹುದು ಎಂಬುದು ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ. ನಾಲ್ವರೂ ಆಗಲೇ ಮರದ ಕಡೆ ನಡೆದಿದ್ದರು.